ನಕ್ಷೆಯ ಕೆಳಗೆ ನಮ್ಮ ಮನೆ ಕಾಣಬೇಕು

‘ತಮ್ಮಾ, ಬಣ್ಣ ಛಲೋ ಅದಾವು. ಆದ್ರ ನಮ್ಮ ಮನಿ ಎಲ್ಲೈತಿ?’

ರೋಣ ತಾಲ್ಲೂಕಿನ ಮಲಪ್ರಭಾ ದಂಡೆಯ ನಮ್ಮೂರಲ್ಲಿ ಕಾಕಾ ಕೇಳಿದ ಪ್ರಶ್ನೆ ಇದು. ಕಾಲೇಜಿನ ಪ್ರಾಜೆಕ್ಟ್‌ಗಾಗಿ ಊರಿನ ಎತ್ತರ ತಗ್ಗುಗಳ ಕಂಟೂರ್ ನಕ್ಷೆ ಮಾಡಿ, ಅದನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದ್ದೆ. ತಗ್ಗಿಗೆ ನೀಲಿ, ದಿಬ್ಬಕ್ಕೆ ಕೆಂಪು. ನೋಡಲು ಚೆಂದವೇ ಇತ್ತು. ಆದರೆ ಕಂಬಳಿ ಹೊದಿಸಿದಂತೆ ಬಣ್ಣದ ಪದರ ಇಡೀ ಊರನ್ನೇ ಮುಚ್ಚಿತ್ತು. ಗುಡಿ, ಶಾಲೆ, ಕಾಕಾನ ಮನೆ ಯಾವುದೂ ಕಾಣುತ್ತಿರಲಿಲ್ಲ.

ಪರಿಹಾರ ಸಣ್ಣದು. ನಾನು ಬಳಸಿದ್ದು ಉಚಿತವಾಗಿ ಸಿಗುವ ಮ್ಯಾಟ್‌ಪ್ಲಾಟ್‌ಲಿಬ್. ಅದರಲ್ಲಿ ಆಲ್ಫಾ ಎಂಬ ಒಂದು ಅಂಕಿ ಇದೆ. 1 ಎಂದರೆ ಪದರ ಪೂರ್ತಿ ಗಟ್ಟಿ, 0 ಎಂದರೆ ಪೂರ್ತಿ ಮಾಯ. 0.4 ಎಂದು ಬರೆದೆ. ಬಣ್ಣದ ಕೆಳಗಿನಿಂದ ಊರು ಮೇಲೆದ್ದು ಬಂತು. ಕಾಕಾ ಮೊದಲು ಹನುಮಪ್ಪನ ಗುಡಿ ಗುರುತಿಸಿದ, ಆಮೇಲೆ ತನ್ನ ಮನೆ. ನಂತರ ಜೋರಾಗಿ ನಕ್ಕ. ‘ಹೊಳಿ ದಿಬ್ಬದ ಮ್ಯಾಲೆ ಹರಿತೈತೇನೋ?’

ಅವನ ಮಾತು ಸರಿ ಇತ್ತು. ಹೊಳೆಯ ಪಾತ್ರದ ಮೇಲೆ ಕೆಂಪು ಬಣ್ಣ ಕೂತಿತ್ತು. ಚಿತ್ರ ತೋರಿಸುವ ಆದೇಶ ಮೊದಲ ಸಾಲನ್ನು ಮೇಲಿಡುತ್ತದೆ, ಕಂಟೂರ್ ಬಿಡಿಸುವ ಆದೇಶ ಕೆಳಗಿಡುತ್ತದೆ. ಎರಡೂ ಪದರಗಳಿಗೆ ಒಂದೇ ದಿಕ್ಕು ಹೇಳದಿದ್ದರೆ ಉತ್ತರ ದಕ್ಷಿಣ ಅದಲುಬದಲಾಗುತ್ತವೆ. ನಾನು ಹೇಳಿರಲಿಲ್ಲ. ನಕ್ಷೆ ಗಟ್ಟಿ ಬಣ್ಣದಲ್ಲೇ ಉಳಿದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನಗೆ ಅಂಕವೂ ಸಿಗುತ್ತಿತ್ತೇನೋ!

ಪಾರದರ್ಶಕ ಪದರ ಎಂಬುದು ಅಲಂಕಾರವಲ್ಲ, ಅದು ಲೆಕ್ಕ ಒಪ್ಪಿಸುವ ರೀತಿ ಎಂದು ನಾನು ಹೇಳುವುದು ಇದಕ್ಕೇ. ಕೆಳಗಿನ ನೆಲ ಕಂಡರೆ ಮಾತ್ರ ಆ ನೆಲದಲ್ಲಿ ಬಾಳುವವರು ನಮ್ಮ ತಪ್ಪು ಹಿಡಿಯಬಲ್ಲರು. ಕಂಟೂರ್ ಎಂದರೆ ನಮ್ಮ ರೈತರಿಗೆ ಹೊಸದೂ ಅಲ್ಲ. ಒಂದೇ ಮಟ್ಟ ಹಿಡಿದು ಹೊಲದಲ್ಲಿ ಹಾಕುವ ಸಮಪಾತಳಿ ಬದು ಅದೇ ತಾನೆ? ಅವರು ನೆಲದ ಮೇಲೆ ಎಳೆದ ಗೆರೆಯನ್ನು ನಾವು ಪರದೆಯ ಮೇಲೆ ಎಳೆಯುತ್ತೇವೆ, ಅಷ್ಟೇ.

ನಮ್ಮ ಭಾಗಕ್ಕೆ ಇದು ಬರೀ ಪ್ರಾಜೆಕ್ಟ್ ವಿಷಯವಲ್ಲ. 2009ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಏನಾಯಿತೆಂದು ಕೊಣ್ಣೂರು, ಲಖಮಾಪುರ, ಹೊಳೆಆಲೂರು ಕಡೆಯವರನ್ನು ಕೇಳಿ. ಎರಿ ನೆಲದ ಈ ಬಯಲಿನಲ್ಲಿ ಆಳೆತ್ತರದ ವ್ಯತ್ಯಾಸವೇ ಒಣಗಿದ ಮನೆಗೂ ಮುಳುಗಿದ ಮನೆಗೂ ನಡುವಿನ ಅಂತರ. ನರಗುಂದ ಪಟ್ಟಣದಲ್ಲಂತೂ ಮಳೆಗಾಲ ಬಂದರೆ ಓಣಿಯ ನೆಲವೇ ಕುಸಿಯುತ್ತದೆ. ಹಿರಿಯರು ಕಾಳು ತುಂಬಿಡುತ್ತಿದ್ದ ಹಳೆಯ ಹಗೇವುಗಳು, ಮೇಲೇರಿದ ಅಂತರ್ಜಲ ಎಂಬ ಕಾರಣಗಳು ಕೇಳಿಬಂದಿವೆ. ಬಾವಿ, ಬೋರ್‌ಗಳ ನೀರಿನ ಆಳ ಅಳೆದು ಅದರ ಕಂಟೂರ್‌ಗಳನ್ನು ಪಟ್ಟಣದ ಚಿತ್ರದ ಮೇಲೆ ತೆಳುವಾಗಿ ಹಾಸಿ, ನೆಲ ಕುಸಿದ ಜಾಗಗಳನ್ನು ಅದರ ಮೇಲೆ ಗುರುತಿಸಿದರೆ ಎರಡಕ್ಕೂ ನಂಟಿದೆಯೇ ಇಲ್ಲವೇ ಎಂಬುದು ಮನೆ ಮನೆಗೆ ಅರ್ಥವಾಗುವಂತೆ ಕಾಣುತ್ತದೆ.

‘ಹುಡುಗರು ನಕ್ಷೆ ಮಾಡಿ ಜನರನ್ನು ಹೆದರಿಸುತ್ತಾರೆ’ ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕಂಟೂರ್ ಗೆರೆ ನುಣುಪಾಗಿರುತ್ತದೆ. ಹತ್ತೇ ಬಾವಿ ಅಳೆದಿದ್ದರೂ ಇಡೀ ಊರು ಅಳೆದಂತೆ ತೋರಿಸುತ್ತದೆ. ನಾನು ಬಳಸಿದ ಎತ್ತರದ ದತ್ತಾಂಶ 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದದ್ದು. ಅದರ ಒಂದೊಂದು ಚೌಕ ಸುಮಾರು 30 ಮೀಟರ್, ಎತ್ತರದಲ್ಲಿ ಕೆಲವು ಮೀಟರ್ ಹೆಚ್ಚುಕಮ್ಮಿ ಇರಬಹುದು. ಅದನ್ನು ನಂಬಿ ‘ನಿಮ್ಮ ಮನೆ ಮುಳುಗುತ್ತದೆ’ ಎಂದು ಯಾರಿಗೂ ಹೇಳಬಾರದು. ಅಳೆದ ಜಾಗಕ್ಕೆಲ್ಲ ಚುಕ್ಕೆ ಇಡಬೇಕು, ಅಳೆದ ದಿನಾಂಕ ಬರೆಯಬೇಕು, ಅಳೆಯದ ಕಡೆ ಬಣ್ಣ ತುಂಬಬಾರದು. ಇಷ್ಟು ಮಾಡಿದ ನಕ್ಷೆ ಹೆದರಿಸುವುದಿಲ್ಲ, ಎಲ್ಲಿ ಇನ್ನೂ ಅಳೆಯಬೇಕೆಂದು ತೋರಿಸುತ್ತದೆ.

ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ ಕಥೆಯೂ ಇಂಥದ್ದೇ. ನರವಿಜ್ಞಾನಿ ಜಾನ್ ಹಂಟರ್ ಅಪಸ್ಮಾರ ರೋಗಿಗಳ ಮಿದುಳಿನ ಸಂಕೇತಗಳನ್ನು ನೋಡಲು ತಮಗೆ ಬೇಕಾದ ಸಾಧನವನ್ನು ತಾವೇ ಬರೆದುಕೊಂಡರು, ನಂತರ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 2012ರಲ್ಲಿ ಅವರು ತೀರಿಕೊಂಡರು. ಆ ಸಾಧನ ಇಂದು ನಮ್ಮೂರಿನ ಕಟ್ಟೆಯ ಮೇಲೂ ಓಡುತ್ತದೆ. ಕೆಲಸ ಹುಡುಕುತ್ತಿರುವ ಗೆಳೆಯರು ಕೋರ್ಸ್‌ಗೆ ಸಾವಿರಾರು ರೂಪಾಯಿ ಸುರಿದು, ಬೇರೆ ದೇಶದ ದತ್ತಾಂಶದ ಮೇಲೆ ಅಭ್ಯಾಸ ಮಾಡಿ ಪ್ರಮಾಣಪತ್ರ ತರುತ್ತಾರೆ. ಸಂದರ್ಶನದಲ್ಲಿ ‘ಇದರಲ್ಲಿ ನೀವೇನು ಕಂಡುಕೊಂಡಿರಿ?’ ಎಂದರೆ ಮಾತು ನಿಲ್ಲುತ್ತದೆ. ತನ್ನೂರಿನ ಬಾವಿಗಳಿಗೆ ಹಗ್ಗ ಇಳಿಬಿಟ್ಟು ಅಳೆದವನಿಗೆ ಆ ಪ್ರಶ್ನೆ ಕಷ್ಟವಲ್ಲ.

ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳು ಒಂದು ಕೆಲಸ ಮಾಡಲಿ. ಅಂತಿಮ ವರ್ಷದ ಹುಡುಗ ಹುಡುಗಿಯರಿಗೆ ತಲಾ ಒಂದು ಹಳ್ಳಿ ಕೊಡಲಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಬಾವಿಯ ನೀರಿನ ಆಳ ಅಳೆಸಲಿ. ನಕ್ಷೆಗೆ ಅಂಕ ಕೊಡುವ ಮೊದಲು ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸಿ, ಊರವರು ತಪ್ಪು ಹುಡುಕಲಿ.

ನನ್ನ ನಕ್ಷೆ ತಿದ್ದಿದ್ದು ಹಾಗೆಯೇ. ದಿಕ್ಕು ಸರಿಪಡಿಸಿ ಮತ್ತೆ ತೋರಿಸಿದಾಗ ಕಾಕಾ ನಗಲಿಲ್ಲ. ಹೊಳೆಯಿಂದ ಮನೆಯವರೆಗೆ ಹಬ್ಬಿದ ನೀಲಿಯ ಮೇಲೆ ಬೆರಳಾಡಿಸಿ, ‘ಹೌದು, ಅವತ್ತ ನೀರು ಇದ ಹಾದಿಲೆ ಬಂದಿತ್ತು’ ಎಂದ.