ಹಲಗಲಿಯ ಹೆಸರೆತ್ತುವ ಮುನ್ನ

ಬಂದೂಕು ಇಟ್ಟುಕೊಳ್ಳುವುದು ತಮ್ಮ ಹಕ್ಕು ಎಂದು ವಾದಿಸುವವರು ನಮ್ಮ ಭಾಗದಲ್ಲಿ ಸಾಕ್ಷಿಗಾಗಿ ದೂರ ಹೋಗಬೇಕಿಲ್ಲ. ಮುಧೋಳ ತಾಲ್ಲೂಕಿನಲ್ಲೇ ಹಲಗಲಿ ಇದೆ. ಸರಕಾರ ಆಯುಧ ಕೇಳಿತು, ಬೇಡರು ಕೊಡಲಿಲ್ಲ, ಪ್ರಾಣ ಕೊಟ್ಟರು. ಹಕ್ಕೆಂದರೆ ಅದು ಎನ್ನುತ್ತಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ವಾದಿಸುವವರೂ ಮರೆತಿದ್ದಾರೆ, ಪರವಾನಗಿ ಕೊಡುವ ಕಚೇರಿಗಳೂ ಮರೆತಿವೆ.

1857ರಲ್ಲಿ ನಿಶ್ಶಸ್ತ್ರೀಕರಣದ ಹುಕುಂ ಬಂದಾಗ ಈ ಸೀಮೆ ಒಬ್ಬರ ಕೈಯಲ್ಲಿರಲಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನದ್ದು. ದೊರೆಗಳು ಬೇರೆ ಬೇರೆ. ಅವರೆಲ್ಲರ ಮೇಲಿದ್ದ ಕಂಪನಿಯ ಕಾಯ್ದೆ ಒಂದೇ. ಆಯುಧವಿದ್ದವರು ಅಪ್ಪಣೆ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು. ಹಲಗಲಿಯ ಬೇಡರಿಗೆ ಕತ್ತಿ, ಬಂದೂಕು ಹೊಟ್ಟೆಪಾಡಿನ ಸಾಧನ. ಅದರೊಂದಿಗೆ ಮಾನವೂ ಸೇರಿಕೊಂಡಿತ್ತು. ಅದನ್ನು ಏಕೆ ಕಸಿಯುತ್ತೀರಿ, ಕಸಿದ ಮೇಲೆ ನಮ್ಮ ಬದುಕಿಗೇನು ದಾರಿ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಹನುಮ, ಬಾಲ, ಜಡಗ, ರಾಮ ಮುಂದಾಳುಗಳಾಗಿ ನಿಂತರು. ನವೆಂಬರ್ ಕೊನೆಗೆ ಕಂಪನಿಯ ದಂಡು ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರ ಪೈಕಿ 19 ಜನರನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಲಾವಣಿಕಾರರು ಹಾಡಿ ಉಳಿಸಿದ ಈ ಕತೆಯನ್ನು ನಮ್ಮ ಮಕ್ಕಳು ಹತ್ತನೆಯ ತರಗತಿಯಲ್ಲಿ ಓದಿದ್ದಾರೆ. ಲಾವಣಿಯಲ್ಲಿ ಮೊದಲು ಏಟು ತಿನ್ನುವವನು ಗೋರಾ ಸಾಹೇಬನಲ್ಲ, ಹುಕುಂ ಹೊತ್ತು ಬಂದ ಕಾರಕೂನ. ಜನರಿಗೆ ಕಾಯ್ದೆಯ ಮುಖ ಕಾಣುವುದು ಕೆಳಗಿನ ನೌಕರನಲ್ಲೇ.

ಹಾಗಾದರೆ ಸ್ವತಂತ್ರ ಭಾರತ ಬಂದೂಕನ್ನು ಹಕ್ಕಾಗಿ ಕೊಟ್ಟಿತೇ? ಇಲ್ಲ. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕಿನ ಮಾತಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಲು ತಿದ್ದುಪಡಿ ತಂದರು. ಸಭೆ ಒಪ್ಪಲಿಲ್ಲ. 19ನೆಯ ವಿಧಿ ನಮಗೆ ಕೊಟ್ಟದ್ದು ಆಯುಧವಿಲ್ಲದೆ, ಶಾಂತಿಯಿಂದ ಸಭೆ ಸೇರುವ ಹಕ್ಕು. ಇದನ್ನು ಬಿಟ್ಟು ಅಮೆರಿಕದ ಸಂವಿಧಾನದ ಮಾತನ್ನು ಇಲ್ಲಿ ಉರುಹೊಡೆಯುವುದರಿಂದ ಪ್ರಯೋಜನವಿಲ್ಲ.

ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಹಲಗಲಿಯವರಿಗೆ ಸಿಗದೇ ಹೋದ ಇನ್ನೊಂದನ್ನು ಕೊಟ್ಟಿದೆ: ಕಾರಣ ಕೇಳುವ ಹಕ್ಕು. ಅರ್ಜಿ ಬಂದರೆ ಠಾಣಾಧಿಕಾರಿಯ ವರದಿ ತರಿಸಬೇಕು. ಪರವಾನಗಿ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ, ಕೇಳಿದಾಗ ಅರ್ಜಿದಾರನಿಗೆ ಕೊಡಬೇಕು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ನೆಪ ಒಡ್ಡಿ ತಿರಸ್ಕರಿಸುವ ಹಾಗಿಲ್ಲ. ಮೇಲ್ಮನವಿಗೆ ದಾರಿಯಿದೆ. ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳುವ ರೈತನನ್ನು ಕಾಯ್ದೆ ಪ್ರತ್ಯೇಕವಾಗಿಯೇ ನೆನೆದಿದೆ.

ಕಾಗದದ ಮೇಲಿನ ಈ ಹಕ್ಕು ಚುನಾವಣೆ ಬಂದಾಗ ತೆಳ್ಳಗಾಗುತ್ತದೆ. ಚುನಾವಣಾ ಆಯೋಗದ ಸೂಚನೆಯಂತೆ, ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಇರುವ ಸಮಿತಿ ಪರವಾನಗಿಗಳನ್ನು ಪರಿಶೀಲಿಸಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು ಯಾರೆಂದು ನೋಡಿ ಅಂಥವರ ಬಂದೂಕು ಠೇವಣಿ ಇಡಿಸಬೇಕು. ರಾಜ್ಯದ ಹಲವೆಡೆ ರೂಢಿಯಾಗಿರುವುದು ಮಾತ್ರ ಎಲ್ಲರೂ ಠಾಣೆಗೆ ತಂದಿಡಿ ಎಂಬ ಸಾರಾಸಗಟು ಆದೇಶ. ಇದರ ವಿರುದ್ಧ ಕೃಷಿಕರು ಹೈಕೋರ್ಟಿನ ಕದ ತಟ್ಟಿದ್ದೂ ಉಂಟು. ಪರಿಶೀಲಿಸುವ ಶ್ರಮ ತಪ್ಪಿಸಿಕೊಳ್ಳಲು ನೀಡುವ ಆದೇಶವನ್ನು ಕಾನೂನು ಸುವ್ಯವಸ್ಥೆ ಎನ್ನಲಾಗದು.

ಹಕ್ಕಿನ ಪರ ಮಾತಾಡುವವರೂ ಒಂದಿಷ್ಟು ಕೇಳಿಸಿಕೊಳ್ಳಬೇಕು. ಕಬ್ಬು, ಗೋವಿನಜೋಳಕ್ಕೆ ಹಂದಿ ನುಗ್ಗುವುದು ನಿಜವಾದ ಸಂಕಟ. ಆದರೆ ಬಂದೂಕಿನ ಪರವಾನಗಿ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ; ಅದಕ್ಕೆ ವನ್ಯಜೀವಿ ಕಾಯ್ದೆಯಡಿ ಬೇರೆಯೇ ಅನುಮತಿ ಬೇಕು. ಮುಧೋಳ, ಬೀಳಗಿ ತಾಲ್ಲೂಕುಗಳಿಗೆ ಸೇರಿದ ಯಡಹಳ್ಳಿಯಲ್ಲಿ ಚಿಂಕಾರ ಅಭಯಾರಣ್ಯವಿದೆ. ಬೆಳೆ ಕಾಯುವ ಹೆಸರಿನ ಒಂದು ಗುಂಡು ಅಲ್ಲಿ ಚಿಂಕಾರಕ್ಕೆ ಬಿದ್ದರೆ ಯಾವ ಲಾವಣಿಯೂ ರಕ್ಷಣೆಗೆ ಬಾರದು. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಮತ್ತೊಬ್ಬರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಮನೆತನದ ಗತ್ತಿಗೆ ಬಂದೂಕು ಬೇಕೆನ್ನುವವರು ಹಲಗಲಿಯ ವಾರಸುದಾರರಲ್ಲ.

ಕೊಡಗಿನ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ. ಅದರ ಮೂಲ 1861ರ ಬ್ರಿಟಿಷ್ ಆದೇಶ. ಹಲಗಲಿ ಉರಿದು ನಾಲ್ಕೇ ವರ್ಷ ಕಳೆದಿತ್ತು. ಅದೇ ಆಳ್ವಿಕೆ ತಾನು ನಂಬಿದವರ ಕೈಗೆ ಬಂದೂಕು ಬಿಟ್ಟಿತು, ನಂಬದವರಿಂದ ಕಿತ್ತುಕೊಂಡಿತು. ಈಗಿನ ವಿನಾಯಿತಿ 2029ರವರೆಗೆ. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಅದರ ಬಗ್ಗೆ ನಮಗೆ ತಕರಾರಿಲ್ಲ. ನಮಗೂ ಅಂಥದೇ ವಿನಾಯಿತಿ ಬೇಕೆಂಬ ಬೇಡಿಕೆಯನ್ನು ಮಾತ್ರ ನಾವು ಒಪ್ಪೆವು. ಆಳುವವರು ಕೃಪೆ ತೋರಿ ಕೊಟ್ಟದ್ದನ್ನು ಇನ್ನೊಂದು ಆದೇಶದಿಂದ ಹಿಂಪಡೆಯಬಹುದು. ಎಲ್ಲರಿಗೂ ಒಂದೇ ಆಗಿರುವ, ಕಾರಣ ಹೇಳಬೇಕಾದ ನಿಯಮದಲ್ಲೇ ರೈತನಿಗೆ ಹೆಚ್ಚಿನ ಭದ್ರತೆಯಿದೆ.

ಬಾಗಲಕೋಟೆ ಜಿಲ್ಲಾಡಳಿತ ಮೂರು ಕೆಲಸ ಮಾಡಲಿ. ಬೆಳೆ ರಕ್ಷಣೆಯ ಅರ್ಜಿ ಯಾವ ಮೇಜಿನ ಮೇಲಿದೆ, ತಿರಸ್ಕೃತವಾದರೆ ಏಕೆ ಎಂಬುದನ್ನು ಕನ್ನಡದಲ್ಲಿ ಬರೆದು ಅರ್ಜಿದಾರನ ಕೈಗೆ ಕೊಡಲಿ. ಚುನಾವಣೆ ಹೊತ್ತಿನ ಠೇವಣಿ ಆದೇಶ ಹೆಸರುವಾರು ಹೊರಡಲಿ. ಫಲಿತಾಂಶದ ನಂತರ ಬಂದೂಕು ಮರಳುವ ದಿನಾಂಕ ಅದೇ ಕಾಗದದಲ್ಲಿರಲಿ. ಬಂದೂಕು ಠಾಣೆಯಲ್ಲಿರುವಷ್ಟು ದಿನ ಆ ರೈತನ ಹೊಲ ಕಾಯುವ ಹೊಣೆ ಅರಣ್ಯ ಇಲಾಖೆಯದೋ ಪೊಲೀಸರದೋ ಎಂಬುದೂ ನಿರ್ಧಾರವಾಗಲಿ. ಆಯುಧ ಪಡೆದುಕೊಂಡ ಸರಕಾರ ರಕ್ಷಣೆಯ ಹೊಣೆಯನ್ನೂ ಪಡೆದುಕೊಂಡಂತೆ. ಅದನ್ನು ಒಪ್ಪದ ಅಧಿಕಾರಿಗೆ ಹಲಗಲಿಯ ಹುತಾತ್ಮರಿಗೆ ಮಾಲೆ ಹಾಕುವ ಯೋಗ್ಯತೆಯಿಲ್ಲ.