ಎಲಿನರ್ ಅತ್ತ ಗಳಿಗೆ
ನಮ್ಮ ಹೊಸಬಾಳೆಯ ಸುತ್ತಿನ ಊರುಗಳಲ್ಲಿ ಅಡಿಕೆ ಸುಲಿಯಲು ಅಕ್ಕತಂಗಿಯರು ಎದುರುಬದುರು ಕೂತರೆ, ಒಬ್ಬಳು ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಡಿ ಹಗುರಾಗುತ್ತಾಳೆ, ಇನ್ನೊಬ್ಬಳ ಕೈ ಮಾತ್ರ ಆಡುತ್ತಿರುತ್ತದೆ. ಜೇನ್ ಆಸ್ಟೆನ್ 1811ರಲ್ಲಿ ಹೆಸರು ಹಾಕಿಕೊಳ್ಳದೆ, ‘ಒಬ್ಬ ಮಹಿಳೆ’ ಎಂದಷ್ಟೇ ಅಚ್ಚು ಮಾಡಿಸಿದ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ಕಾದಂಬರಿ ಓದುವಾಗೆಲ್ಲ ನನಗೆ ಈ ಚಿತ್ರವೇ ಕಣ್ಣೆದುರು ಬರುತ್ತದೆ. ಅದರಲ್ಲಿ ಅಕ್ಕ ಎಲಿನರ್ ಬುದ್ಧಿ, ತಂಗಿ ಮರಿಯಾನ್ ಭಾವ ಎಂದು ಪಾಠ ಹೇಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮರಿಯಾನ್ ಪ್ರೀತಿಸಿದ್ದೂ ಅತ್ತಿದ್ದೂ ಊರಿಗೇ ಗೊತ್ತು. ಜ್ವರ ಹಿಡಿದು ಸಾವಿನ ಬಾಗಿಲು ತಟ್ಟಿ ಬಂದಳು. ಎಲಿನರ್‌ಗೆ ಕಥೆಯ ಮೊದಲಲ್ಲಿ ಬರೀ 19 ವರ್ಷ. ತಾನು ಮನಸ್ಸಿಟ್ಟ ಎಡ್ವರ್ಡ್‌ಗೆ ಬೇರೊಬ್ಬಳೊಡನೆ ಗುಟ್ಟಾಗಿ ಮಾತು ನಡೆದಿದೆ ಎಂಬುದನ್ನು, ಆ ಬೇರೊಬ್ಬಳ ಬಾಯಿಂದಲೇ ಕೇಳಿ, ನಾಲ್ಕು ತಿಂಗಳು ನುಂಗಿಕೊಂಡು, ತಂಗಿಯ ಕಣ್ಣೀರು ಒರೆಸಿದಳು. ಕೊನೆಗೆ ಅವನು ಬಿಡುಗಡೆಯಾಗಿದ್ದಾನೆಂದು ತಿಳಿದಾಗ ಕೋಣೆಯಿಂದ ಓಡಿಹೋಗಿ ಬಿಕ್ಕಿಬಿಕ್ಕಿ ಅಳುತ್ತಾಳಲ್ಲ, ಅಷ್ಟು ಭಾವ ಎಲ್ಲಿತ್ತು? ಬುದ್ಧಿಯೂ ಭಾವವೂ ಒಬ್ಬಳಲ್ಲೇ ಇರುವುದು ನಮ್ಮ ಸೀಮೆಯವರಿಗೆ ಹೊಸತೇನಲ್ಲ. ಶಿಕಾರಿಪುರದ ಬಳ್ಳಿಗಾವಿಯ ಅಲ್ಲಮ, ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನ ಎದುರು ನಿಂತದ್ದು ಶೂನ್ಯಸಂಪಾದನೆಯಲ್ಲಿದೆ. ಅವಳು ಅಳುತ್ತಲೇ ವಾದಿಸುತ್ತಾಳೆ, ಒಂದು ಮಾತನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ಅವಳ ದುಃಖದಷ್ಟು ಹರಿತವಾದ ತರ್ಕವನ್ನು ನಾನು ಬೇರೆಲ್ಲೂ ಓದಿಲ್ಲ. ಪಕ್ಕದ ಉಡುತಡಿಯ ಮಹಾದೇವಿಯೂ ಅಷ್ಟೆ: ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸುತ್ತ ಬಂದವಳು, ಕಲ್ಯಾಣದಲ್ಲಿ ಇದೇ ಅಲ್ಲಮನ ಪ್ರಶ್ನೆಗಳಿಗೆ ನಿಂತಲ್ಲೇ ಉತ್ತರ ಕೊಟ್ಟಳು.