ಪರದೆ ಬಿದ್ದ ಮೇಲಿನ ಅರ್ಧ ಗಂಟೆ

ರಾಜ್ಯದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪ್ರಸ್ತಾವನೆ ಓದುವುದನ್ನು ಸರ್ಕಾರ ಕಡ್ಡಾಯ ಮಾಡಿದ್ದು 2023ರಲ್ಲಿ. ಆ ವರ್ಷದ ಸೆಪ್ಟೆಂಬರ್ 15ರಂದು ಊರೂರುಗಳಲ್ಲಿ ಸಾಮೂಹಿಕ ಓದು ನಡೆಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಪ್ರಕರಣ ಬಯಲಾಯಿತು. ಪ್ರಸ್ತಾವನೆ ಓದಿಸಿದ್ದೇ ತಪ್ಪು ಎಂದು ಇದರಿಂದ ಹೇಳಲಾಗದು. ಗುಂಡಿಗೆ ಇಳಿಸಿದವರು ದೊಡ್ಡವರು, ಇಳಿದವರು ಮಕ್ಕಳು. ಆದರೆ ಬಾಯಿಪಾಠ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ನೋಡಲು ಇಷ್ಟು ಸಾಕು. ವ್ಯಕ್ತಿಗೌರವ ಎಂದು ದಿನಾ ಬೆಳಿಗ್ಗೆ ಒಕ್ಕೊರಲಿನಿಂದ ಹೇಳುವ ಅಂಗಳದಲ್ಲೇ, ಕಕ್ಕಸು ತೊಳೆಯುವ ಸರದಿ ಯಾವಾಗಲೂ ಅದೇ ನಾಲ್ಕು ಮಕ್ಕಳಿಗೆ ಏಕೆ ಬರುತ್ತದೆ ಎಂದು ಯಾರೂ ಕೇಳದೆ ಇರಬಹುದು. ಕೇಳುವುದು ಅಭ್ಯಾಸದಿಂದ ಬರುವ ಸಂಗತಿ. ಅದನ್ನು ಕಲಿಸಲು ಶಾಲೆಯ ಕೈಯಲ್ಲಿರುವ ಅಗ್ಗದ, ಹಳೆಯ ಸಾಧನ ನಾಟಕ ಮತ್ತು ಅದರ ಬೆನ್ನಿಗೇ ನಡೆಯಬೇಕಾದ ಚರ್ಚೆ.

ನಾಟಕ ನಮ್ಮ ಶಾಲೆಗಳಲ್ಲಿ ಇಲ್ಲವೇ ಎಂದರೆ, ಇದೆ. ವಾರ್ಷಿಕೋತ್ಸವದಲ್ಲಿದೆ, ಪ್ರತಿಭಾ ಕಾರಂಜಿಯಲ್ಲಿದೆ. ಛದ್ಮವೇಷದ ಸಾಲಿನಲ್ಲಿ ಗಾಂಧಿ, ಅಂಬೇಡ್ಕರ್, ಕಿತ್ತೂರು ಚೆನ್ನಮ್ಮ ಒಬ್ಬರ ಹಿಂದೊಬ್ಬರು ಬಂದು ಉರು ಹೊಡೆದ ನಾಲ್ಕು ವಾಕ್ಯ ಒಪ್ಪಿಸಿ ಹೋಗುತ್ತಾರೆ. ಮೀಸೆ ಕಳಚಿ ಬೀಳದಂತೆ ಹಿಡಿದುಕೊಳ್ಳುವುದರಲ್ಲೇ ಅರ್ಧ ಗಮನ. ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ 1966ರಿಂದಲೂ ನಡೆಸಿಕೊಂಡು ಬಂದಿರುವ ಯುವ ಸಂಸತ್ತಿನ ಕಲ್ಪನೆ ಒಳ್ಳೆಯದೇ. ಆದರೆ ಆಳುವ ಪಕ್ಷದ ಉತ್ತರ, ವಿರೋಧ ಪಕ್ಷದ ಪ್ರಶ್ನೆ ಎರಡನ್ನೂ ಮೇಷ್ಟರೇ ಬರೆದುಕೊಟ್ಟರೆ ಅದು ಸಭಾತ್ಯಾಗವೂ ಸೇರಿದಂತೆ ಒಂದು ಕಂಠಪಾಠ. ಬಹುಮಾನ ಘೋಷಣೆಯಾಗಿ ಚಪ್ಪಾಳೆ ಬಿದ್ದ ಕೂಡಲೇ ಎಲ್ಲ ಮುಗಿಯುತ್ತದೆ. ಕಲಿಕೆ ಶುರುವಾಗಬೇಕಾದದ್ದು ಆಗ.

ಇದು ರಂಗಪ್ರಿಯರ ಹಾರೈಕೆ ಮಾತ್ರ ಎನ್ನುವವರಿಗೆ ತಕ್ಕಮಟ್ಟಿನ ಪುರಾವೆ ಇದೆ. ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷ ನಟನೆಯ ತರಬೇತಿ ಪಡೆದ ಮಕ್ಕಳು ಬೇರೆ ಕಲೆಗಳನ್ನು ಕಲಿತವರಿಗಿಂತ ಇತರರ ಭಾವನೆಗೆ ಸ್ಪಂದಿಸುವುದರಲ್ಲಿ ಮುಂದಿದ್ದರು. ಚರ್ಚೆಯ ವಿಷಯದಲ್ಲಿ ಆಧಾರ ಇನ್ನೂ ವಿಸ್ತಾರವಾದದ್ದು. 1999ರಲ್ಲಿ 28 ದೇಶಗಳ 14 ವರ್ಷದ ಸುಮಾರು 90,000 ವಿದ್ಯಾರ್ಥಿಗಳ ನಡುವೆ ನಡೆದ ಪೌರಶಿಕ್ಷಣ ಸಮೀಕ್ಷೆಯಲ್ಲಿ, ತರಗತಿಯಲ್ಲಿ ತಮ್ಮ ಮಾತಿಗೆ ಬೆಲೆಯಿದೆ ಎಂದು ಹೇಳಿದವರಲ್ಲಿ ಪೌರಜ್ಞಾನವೂ ಹೆಚ್ಚು, ಮುಂದೆ ಮತ ಹಾಕುವ ಉತ್ಸಾಹವೂ ಹೆಚ್ಚು ಕಂಡುಬಂತು. ಮೊದಲನೆಯದು ಸಣ್ಣ ಅಧ್ಯಯನ. ಎರಡನೆಯದರಲ್ಲಿ ಭಾರತ ಇರಲಿಲ್ಲ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದು ಖಚಿತವಾಗಿ ಹೇಳುವುದೂ ಇಲ್ಲ. ಆದರೂ ಕಂಠಪಾಠದ ಪರವಾಗಿ ಇಷ್ಟಾದರೂ ಪುರಾವೆಯನ್ನು ಯಾರೂ ಮುಂದಿಟ್ಟಿಲ್ಲ.

ಕುವೆಂಪು ಅವರ ‘ಜಲಗಾರ’ವನ್ನು ತೆಗೆದುಕೊಳ್ಳೋಣ. ಬೀದಿ ಗುಡಿಸುವವನ ಬಳಿಗೆ ಶಿವ ತಾನೂ ಜಲಗಾರನಾಗಿ ಬರುವ ಆ ಕಿರುನಾಟಕಕ್ಕೆ ಹತ್ತಿರ ಹತ್ತಿರ ನೂರು ವರ್ಷ. ಪೊರಕೆಯೊಂದಿದ್ದರೆ ಒಂಬತ್ತನೇ ತರಗತಿಯ ಕೋಣೆಯಲ್ಲೇ ಆಡಬಹುದು. ಆಡಿದ ಮೇಲೆ ಶಿಕ್ಷಕರು ಕೇಳಬೇಕಾದದ್ದು ‘ನಾಟಕದ ನೀತಿ ಏನು’ ಎಂದಲ್ಲ. ಶಿವ ಬಂದು ಹೋದ ಮಾರನೇ ದಿನ ಬೀದಿ ಗುಡಿಸಿದವರು ಯಾರು ಎಂದು ಕೇಳಿ ಸುಮ್ಮನಿರಬೇಕು. ಕಾಯಕ ಪವಿತ್ರ ಎಂದರೆ ಸಾಕೇ, ಕೂಲಿ ಎಷ್ಟು, ಆ ಕೆಲಸ ಒಂದೇ ಕೇರಿಯವರ ಪಾಲಿಗೆ ಏಕೆ ಬಂತು ಎಂದು ಒಬ್ಬ ಹುಡುಗಿ ತಿರುಗಿ ಕೇಳಿದರೆ, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯನ್ನು ಪಾಠ ಮಾಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರೇಕ್ಷಕ ನಡುವೆಯೇ ನಾಟಕ ನಿಲ್ಲಿಸಿ, ರಂಗಕ್ಕೆ ಬಂದು, ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಆಡಿ ತೋರಿಸಬಹುದು ಎಂದರು. ಬಿಸಿಯೂಟದ ಪಂಕ್ತಿಯಲ್ಲಿ ತಟ್ಟೆ ಸರಿಸಿಕೊಂಡು ದೂರ ಕೂರುವ ಹುಡುಗನ ದೃಶ್ಯವನ್ನು ಹೀಗೆ ಮೂರು ಬಾರಿ ಆಡಿಸಿದರೆ, ‘ನಾನಾಗಿದ್ದರೆ ಬೈಯುತ್ತಿದ್ದೆ’ ಎಂದವನಿಗೂ ಎದ್ದು ನಿಂತಾಗ ನಾಲಿಗೆ ತಡವರಿಸುತ್ತದೆ. ಆ ತಡವರಿಕೆಯಿಂದ ಅವನು ಕಲಿಯುವಷ್ಟನ್ನು ಪಠ್ಯಪುಸ್ತಕದ ಹಿಂದಿನ ಪ್ರಶ್ನೆಗಳಿಂದ ಕಲಿಯಲಾರ.

ಇದು ರಾಜಕೀಯಕ್ಕೆ ಬಾಗಿಲು ತೆರೆದಂತೆ ಎಂಬ ಆಕ್ಷೇಪ ಹಗುರವಾದದ್ದಲ್ಲ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ಆಡಿದ ನಾಟಕ ರಾಜದ್ರೋಹದ ಮೊಕದ್ದಮೆಯಾಯಿತು. ಒಬ್ಬ ಶಿಕ್ಷಕಿ ಮತ್ತು ವಿದ್ಯಾರ್ಥಿನಿಯ ತಾಯಿ ಜೈಲು ಸೇರಿದರು. ಪೊಲೀಸರು ಮಕ್ಕಳನ್ನೇ ವಿಚಾರಣೆ ಮಾಡಿದರು. ಹೈಕೋರ್ಟ್ 2023ರಲ್ಲಿ ಮೊಕದ್ದಮೆ ರದ್ದು ಮಾಡಿತು, ಜೊತೆಗೆ ಸರ್ಕಾರದ ನೀತಿಗಳನ್ನು ಟೀಕಿಸುವ ನಾಟಕಗಳಿಂದ ಮಕ್ಕಳನ್ನು ದೂರವಿಡುವುದು ಒಳ್ಳೆಯದೆಂದೂ ಹೇಳಿತು. ಈ ಕಿವಿಮಾತಿನ ಹಿಂದಿನ ಕಾಳಜಿಯನ್ನು ಅರ್ಧ ಒಪ್ಪಬಹುದು. ದೊಡ್ಡವರ ಅಭಿಪ್ರಾಯವನ್ನು ಮಕ್ಕಳ ಬಾಯಲ್ಲಿ ಆಡಿಸುವುದು ಸರ್ಕಾರದ ವಿರುದ್ಧವಾದರೂ ತಪ್ಪು, ಪರವಾದರೂ ತಪ್ಪು. ಎರಡನೆಯದಕ್ಕೆ ಯಾರೂ ದೂರು ಕೊಡುವುದಿಲ್ಲ, ಅಷ್ಟೇ. ಆದರೆ ಅದಕ್ಕೆ ಮದ್ದು ವಿಷಯವನ್ನೇ ನಿಷೇಧಿಸುವುದಲ್ಲ. ಕಾಯ್ದೆಯ ಪರವಾಗಿ ಮಾತಾಡುವ ಪಾತ್ರಕ್ಕೂ ಗಟ್ಟಿ ಮಾತು ಕೊಟ್ಟು, ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿಸಿ, ತೀರ್ಮಾನವನ್ನು ತರಗತಿಗೇ ಬಿಡುವುದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಸಮಯವೆಲ್ಲಿ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಚಿಕ್ಕದು: ಸಮಾಜ ವಿಜ್ಞಾನದಲ್ಲಿ ಅಸ್ಪೃಶ್ಯತೆಯ ಪಾಠ ಹೇಗೂ ಇದೆ, ಅದರ ಎರಡು ಪೀರಿಯಡ್ ಸಾಕು.

ನಿಜವಾಗಿ ಕಾಡಬೇಕಾದ ಪ್ರಶ್ನೆ ಬೇರೆ. ಜಲಗಾರನ ಪಾತ್ರ ಯಾರಿಗೆ? ಕೇರಿಯ ಹುಡುಗನ ಕೈಗೆ ಪೊರಕೆ ಕೊಟ್ಟರೆ ನಾಟಕವೇ ಅವಮಾನವಾಗುತ್ತದೆ. ಅವನನ್ನು ಬಿಟ್ಟು ಬೇರೆಯವರೇ ಆಡಿದರೆ, ಅವನ ಬದುಕು ಇತರರ ತಮಾಷೆಗೆ ಸರಕಾಗಬಹುದು. ಆಟದ ಬಯಲಿನಲ್ಲಿ ಆ ಪಾತ್ರದ ಹೆಸರೇ ಅಡ್ಡಹೆಸರಾಗಿ ಅಂಟಿಕೊಳ್ಳಬಹುದು. ಒಳ್ಳೆಯ ಉದ್ದೇಶವೊಂದೇ ಇಲ್ಲಿ ಸಾಲದು, ಕಸುಬು ಗೊತ್ತಿರಬೇಕು. ಚೀಟಿ ಎತ್ತಿ ಪಾತ್ರ ಹಂಚುವುದು, ಬೇಡ ಎನ್ನುವ ಮಗುವಿಗೆ ಕಾರಣ ಕೇಳದೆ ಬಿಡುವುದು, ದೃಶ್ಯ ಮುಗಿದ ಕೂಡಲೇ ಎಲ್ಲರ ಸ್ವಂತ ಹೆಸರು ಕರೆದು ಪಾತ್ರದಿಂದ ಹೊರತರುವುದು, ಮೊದಲ ಸಲ ಶಿಕ್ಷಕರೇ ಪೊರಕೆ ಹಿಡಿಯುವುದು, ಇವೆಲ್ಲ ಕಲಿಯಬಹುದಾದ ಕ್ರಮಗಳು. ಕಲಿಸಬಲ್ಲವರ ಕೊರತೆಯೂ ರಾಜ್ಯಕ್ಕಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಟರನ್ನು ತಯಾರು ಮಾಡುತ್ತಿದೆ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಹೀಗೆ ಕಲಿತು ಬಂದವರನ್ನು ಡಿಸೆಂಬರ್‌ನ ಗ್ಯಾದರಿಂಗ್‌ಗೆ ನಾಟಕ ಕೂರಿಸಲು ಕರೆಯುವ ಬದಲು, ಜೂನ್‌ನಲ್ಲೇ ಸಮಾಜ ವಿಜ್ಞಾನದ ಶಿಕ್ಷಕರ ಜೊತೆ ಒಂದು ವಾರ ಕೂರಿಸುವ ಕೆಲಸವನ್ನು ಶಿಕ್ಷಣ ಇಲಾಖೆ ಈ ವರ್ಷ ತಾಲ್ಲೂಕಿಗೆ ಒಂದು ಶಾಲೆಯಲ್ಲಾದರೂ ಮಾಡಿ ನೋಡಲಿ.